ನಾಲ್ಕು ಸಾವಿರ ಕಿಲೋಮೀಟರ್ ಗಡಿ, ನಮ್ಮ ಅಪಾರ್ಟ್‌ಮೆಂಟಿನ ಗೇಟು

ಕಳೆದ ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು ಬಂತು. ಹೌಸ್‌ಕೀಪಿಂಗ್‌ನವರಲ್ಲಿ, ಮನೆಕೆಲಸದವರಲ್ಲಿ ಬಾಂಗ್ಲಾದೇಶದವರು ಸೇರಿಕೊಂಡಿದ್ದಾರಂತೆ, ಎಲ್ಲರನ್ನೂ ಒಮ್ಮೆ ಚೆಕ್ ಮಾಡಿಸಬೇಕು ಅಂತ. ಹಾಕಿದವರಿಗೂ ಅದು ಇನ್ಯಾವುದೋ ಗ್ರೂಪಿನಿಂದ ಬಂದದ್ದು. ರಾತ್ರಿ ಊಟದ ಹೊತ್ತಿಗೆ ಅದು ತೀರ್ಮಾನವೇ ಆಗಿಬಿಟ್ಟಿತ್ತು. ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಹೆಂಗಸರು ಸಾಲಾಗಿ ನಿಂತಿದ್ದರು. ಸೆಕ್ಯುರಿಟಿ ಹುಡುಗ ಒಬ್ಬೊಬ್ಬರ ಆಧಾರ್ ಕಾರ್ಡನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದ. ಅವನೇ ಒಡಿಶಾದಿಂದ ದುಡಿಯಲು ಬಂದವನು. ಬಂಗಾಳಿ ಮಾತಾಡುವವರನ್ನು ಬೇರೆ ನಿಲ್ಲಿಸು ಅಂತ ಅವನಿಗೆ ಹೇಳಿದ್ದರು. ಹಾಗೆ ಬೇರೆ ನಿಂತವರಲ್ಲಿ ನಮ್ಮ ಮನೆಗೆ ಬರುವ ದೀದಿಯೂ ಇದ್ದಳು. ಮಕ್ಕಳೆಲ್ಲ ದೀದಿ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವಳು ಕಾರ್ಡನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದುಕೊಂಡಿದ್ದಳು, ಶಾಲೆಯಲ್ಲಿ ಮಕ್ಕಳು ಸ್ಲೇಟು ಹಿಡಿದು ತೋರಿಸುವ ಹಾಗೆ.

ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಆ ಮೆಸೇಜಿಗೆ ಹೂಂ ಅಂದವರು ಕೆಟ್ಟವರಲ್ಲ. ಅವರಲ್ಲೊಬ್ಬರು ದೀದಿಯ ಮಗನ ಶಾಲೆಯ ಫೀಸು ಕಟ್ಟಿದವರು. ದೇಶದೊಳಗೆ ಯಾರು ಬರುತ್ತಾರೆ ಅನ್ನೋದು ದೇಶಕ್ಕೆ ಗೊತ್ತಿರಬೇಕು ಅನ್ನುವ ಅವರ ಮಾತನ್ನು ನಾನೂ ಒಪ್ಪುತ್ತೇನೆ. ಗಡಿ ಅಂದಮೇಲೆ ಕಾವಲು ಇರಲೇಬೇಕು. ಕಳ್ಳದಾರಿಯಲ್ಲಿ ಜನ ಬರುತ್ತಾರೆ, ದಾಟಿಸಲು ದಲ್ಲಾಳಿಗಳಿದ್ದಾರೆ, ಬೆಂಗಳೂರಿನಲ್ಲೂ ಅಂಥವರು ಸಿಕ್ಕಿದ್ದಾರೆ. ಇದನ್ನೆಲ್ಲ ಸುಳ್ಳು ಅಂತ ತಳ್ಳಿಹಾಕುವುದು ನನ್ನ ಉದ್ದೇಶ ಅಲ್ಲ. ನನ್ನನ್ನು ಕಾಡುವುದು ಬೇರೆ. ಈ ಪ್ರಶ್ನೆಯನ್ನು ನಾವು ಯಾರಿಗೆ ಕೇಳುತ್ತೇವೆ, ಯಾರಿಗೆ ಕೇಳುವುದೇ ಇಲ್ಲ?

ಭಾರತ ಮತ್ತು ಬಾಂಗ್ಲಾದೇಶದ ನಡುವಿನ ಗಡಿ 4,096 ಕಿಲೋಮೀಟರ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಶ್ಚಿಮ ಬಂಗಾಳದಲ್ಲೇ ಇದೆ. ಗದ್ದೆಯ ಮಧ್ಯೆ, ಮನೆಗಳ ಹಿತ್ತಲಲ್ಲಿ, ನದಿಯ ನಡುವೆ ಹಾದುಹೋಗುವ ಗಡಿ ಅದು. ನದಿ ಪಾತ್ರ ಬದಲಿಸಿದರೆ ಗಡಿ ಎಲ್ಲಿ ಅನ್ನೋದೇ ತಕರಾರು. ಬೇಲಿಯನ್ನು ಗಡಿರೇಖೆಯಿಂದ 150 ಗಜ ಒಳಗೆ ಹಾಕಿದ್ದಾರೆ. ಹಾಗಾಗಿ ಎಷ್ಟೋ ಭಾರತೀಯರ ಹೊಲ, ಕೆಲವರ ಮನೆ ಕೂಡ ಬೇಲಿಯ ಆಚೆ ಉಳಿದುಕೊಂಡಿವೆ. ಅವರು ತಮ್ಮದೇ ಹೊಲಕ್ಕೆ ಹೋಗಲು ಬಿಎಸ್‌ಎಫ್‌ನವರು ಗೇಟು ತೆಗೆಯುವ ಹೊತ್ತಿಗೆ ಗುರುತಿನ ಚೀಟಿ ಹಿಡಿದು ನಿಲ್ಲಬೇಕು. 2015ರ ತನಕ ಅಲ್ಲಿ ಇನ್ನೊಂದು ವಿಚಿತ್ರ ಇತ್ತು. ಬಾಂಗ್ಲಾದೇಶದೊಳಗೆ ಭಾರತದ 111 ತುಂಡು ನೆಲ, ಭಾರತದೊಳಗೆ ಬಾಂಗ್ಲಾದೇಶದ 51 ತುಂಡು. ಆ ವರ್ಷ ಜುಲೈ 31ರ ಮಧ್ಯರಾತ್ರಿ ಎರಡೂ ದೇಶ ಅವನ್ನು ಅದಲುಬದಲು ಮಾಡಿಕೊಂಡವು. ಮನೆಯಿಂದ ಕದಲದೆಯೇ ಸಾವಿರಾರು ಜನರ ದೇಶ ಬದಲಾಯಿತು.

ಇಂಥ ಗಡಿಯ ಪರೀಕ್ಷೆಯನ್ನು ಸರ್ಜಾಪುರ ರಸ್ತೆಯ ಒಂದು ಗೇಟಿನಲ್ಲಿ, ಮೊಬೈಲಿನಲ್ಲಿ ಫೋಟೊ ಹೊಡೆದು ಮಾಡಲು ಹೊರಟಿದ್ದೆವು. ಅದೂ ಆಧಾರ್ ಇಟ್ಟುಕೊಂಡು! ಆಧಾರ್ ಪೌರತ್ವಕ್ಕೆ ಪುರಾವೆ ಅಲ್ಲ. ಈ ದೇಶದಲ್ಲಿ 182 ದಿನ ವಾಸ ಇದ್ದವರು ಯಾರು ಬೇಕಾದರೂ ಅದಕ್ಕೆ ಅರ್ಜಿ ಹಾಕಬಹುದು ಅಂತ ಕಾನೂನೇ ಹೇಳುತ್ತದೆ. ಹಾಗಾದರೆ ಆ ಸಾಲಿನಿಂದ ತಿಳಿಯಬಹುದಾಗಿದ್ದು ಏನು? ಕಾರ್ಡ್ ಇಲ್ಲದವರ ಮೇಲೆ ಅನುಮಾನ. ಇದ್ದವರದು ನಕಲಿ ಇರಬಹುದು ಅನ್ನುವ ಅನುಮಾನ. ಒಂದು ವಾರದ ಮೇಲೆ ಗ್ರೂಪಿನಲ್ಲಿ ಬಂದ ಮಾತೂ ಅದೇ: "ಇವೆಲ್ಲ ಎಲ್ಲಿ ಬೇಕಾದ್ರೂ ಮಾಡಿಸ್ಕೋತಾರೆ ಬಿಡಿ."

ಸಿಂಧನೂರಿನ ಕ್ಯಾಂಪು

ನಾನು ಬೆಳೆದದ್ದು ಸಿಂಧನೂರಿನಲ್ಲಿ. ನಮ್ಮ ಕಡೆ ಊರಿನ ಹೆಸರಿಗೆ ಕ್ಯಾಂಪ್ ಅಂತ ಸೇರಿಕೊಂಡಿದ್ದರೆ ಯಾರಿಗೂ ಅದು ಹೊಸದು ಅನ್ನಿಸುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಜಮೀನು ಕೊಂಡರು, ಗುಡಿಸಲು ಹಾಕಿಕೊಂಡರು, ಅವು ಕ್ಯಾಂಪ್‌ಗಳಾದವು. ಅವರ ನಂತರ, 1970ರ ಸುಮಾರಿಗೆ, ಇನ್ನೊಂದು ಥರದ ಕ್ಯಾಂಪುಗಳು ಬಂದವು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಹಿಂದೂ ಕುಟುಂಬಗಳನ್ನು ಸರ್ಕಾರ ತಂದು ಜವಳಗೇರಾದ ಆಸುಪಾಸಿನಲ್ಲಿ ನೆಲೆ ನಿಲ್ಲಿಸಿತು. ಆರ್‌ಎಚ್ ಕ್ಯಾಂಪ್, ಅಂದರೆ ಪುನರ್ವಸತಿ ಕ್ಯಾಂಪ್ ಅಂತ ಹೆಸರು, ಒಂದು, ಎರಡು, ಮೂರು ಅಂತ ನಂಬರು. ರಾಯಚೂರು ಜಿಲ್ಲೆಯ ನಡುವೆ ಬಂಗಾಳಿ ಮಾತಾಡುವ ಊರುಗಳಿವೆ ಅಂದರೆ ಬೆಂಗಳೂರಿನಲ್ಲಿ ಎಷ್ಟೋ ಜನ ಇವತ್ತಿಗೂ ನಂಬುವುದಿಲ್ಲ.

ನನ್ನ ಜತೆ ಹೈಸ್ಕೂಲಿನಲ್ಲಿ ಓದಿದ ಒಬ್ಬ ಗೆಳತಿ ಆ ಕ್ಯಾಂಪಿನವಳು. ದಸರೆಗೆ ಅವರಲ್ಲಿ ದುರ್ಗಾಪೂಜೆ. ನಾವು ಬನ್ನಿ ಹಂಚಿ ಬಂಗಾರದಂಗಿರೋಣ ಅನ್ನುವ ಹೊತ್ತಿಗೆ ಅಲ್ಲಿ ಮೂರ್ತಿಯನ್ನು ಕಾಲುವೆಗೆ ಬಿಡುತ್ತಿದ್ದರು. ಅವರ ಮನೆಯ ಹಿಂದೆ ಸಣ್ಣದೊಂದು ಕೆರೆ ತೋಡಿ ಮೀನು ಸಾಕಿದ್ದರು. ಕಪ್ಪು ಮಣ್ಣಿನ ನೆಲದಲ್ಲಿ ಜನ ಕೆರೆ ತೋಡಿ ಮೀನು ಸಾಕುವುದನ್ನು ನಮ್ಮ ಅಜ್ಜ ಮೊದಲ ಸಲ ನೋಡಿದಾಗ ಬಹಳ ಹೊತ್ತು ದಂಡೆಯ ಮೇಲೆ ನಿಂತುಬಿಟ್ಟಿದ್ದರಂತೆ. ಅದೇ ಅಜ್ಜನೇ ಮೊದಮೊದಲು ಗೊಣಗಿದ್ದೂ ಉಂಟು. ದನ ಮೇಯುವ ಜಾಗ ಹೋಯಿತು, ಇವರ ಮಾತು ತಿಳಿಯಲ್ಲ, ಇವರಿಗೆ ಸರ್ಕಾರ ಎಲ್ಲ ಕೊಡುತ್ತೆ ನಮಗೇನು ಅಂತ. ಹೊರಗಿನವರು ಬಂದಾಗ ಜಗತ್ತಿನ ಯಾವ ಮೂಲೆಯಲ್ಲೂ ಕೇಳಿಬರುವ ಮಾತುಗಳೇ ಅವು. ಅವರ ಭತ್ತದ ಗದ್ದೆ ಪಕ್ಕದಲ್ಲಿ ನಮ್ಮ ಗದ್ದೆ, ಅವರ ಮಕ್ಕಳ ಪಕ್ಕದಲ್ಲಿ ನಮ್ಮ ಮಕ್ಕಳು ಅಂತಾದ ಮೇಲೆ ಗೊಣಗಾಟ ತಾನಾಗಿ ನಿಂತಿತು. ಯಾರೂ ಭಾಷಣ ಮಾಡಿ ನಿಲ್ಲಿಸಿದ್ದಲ್ಲ.

ಗೇಟಿನ ಘಟನೆ ಆದಮೇಲೆ ಊರಿಗೆ ಹೋದಾಗ ಗೆಳತಿಯ ಅಪ್ಪನನ್ನು ನೋಡಲು ಹೋಗಿದ್ದೆ. ಎಪ್ಪತ್ತು ಸಮೀಪದ ವಯಸ್ಸು. ಹುಡುಗನಾಗಿದ್ದಾಗ ಖುಲ್ನಾ ಕಡೆಯಿಂದ ಬಂದವರು. ಅವರ ಕನ್ನಡ ಅಪ್ಪಟ ರಾಯಚೂರಿನದು. "ಬಾರವ್ವ, ಕುಂದ್ರು, ಬಿಸಲಾಗ ಬಂದಿ" ಅಂದರು. ಚಹಾ ಬಂತು, ಮಂಡಕ್ಕಿ ಬಂತು. ನಾನು ಹಳೇ ಕತೆ ಕೇಳಿದೆ. ಅವರು ಎದ್ದು ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಒಳಗೆ ಮಡಿಕೆಯ ಗೆರೆಗಳಲ್ಲಿ ಹರಿದುಹೋಗಿದ್ದ ಒಂದು ಕಾಗದ, ಹಿಂದೆ ಗೋಂದುಪಟ್ಟಿ ಅಂಟಿಸಿತ್ತು. ಬಾರ್ಡರ್ ಸ್ಲಿಪ್. ಗಡಿ ದಾಟಿದ ದಿನ ಅಲ್ಲಿನ ಅಧಿಕಾರಿ ಬರೆದುಕೊಟ್ಟದ್ದು. ಅಪ್ಪನ ಹೆಸರು, ಅಮ್ಮನ ಹೆಸರು, ಜತೆಗಿದ್ದ ಮಕ್ಕಳ ವಯಸ್ಸು. ಮಸಿ ಮಾಸಿ ಕಂದಾಗಿತ್ತು. "ಮನಿಗೆ ಬೆಂಕಿ ಬಿದ್ರ ಮೊದ್ಲ ಇದನ್ನ ಹಿಡ್ಕೊಂಡು ಓಡ್ತೀನಿ" ಅಂದರು. ಅದನ್ನು ನನ್ನ ಕೈಗೆ ಕೊಡಲಿಲ್ಲ. ತಮ್ಮ ಅಂಗೈ ಮೇಲೆ ಇಟ್ಟುಕೊಂಡೇ ತೋರಿಸಿದರು.

ಈಗ ಬಾಂಗ್ಲಾದಿಂದ ಬರುವವರ ಬಗ್ಗೆ ಇಷ್ಟು ಗಲಾಟೆ ಇದೆಯಲ್ಲ, ನಿಮಗೇನು ಅನ್ನಿಸುತ್ತದೆ ಅಂತ ಕೇಳಿದೆ. ಅವರು ಒಂದು ಕ್ಷಣವೂ ತಡೆಯಲಿಲ್ಲ. "ಬಿಡಬಾರ್ದವ್ವ. ನಾವು ಸರ್ಕಾರ ಕರ್ಕೊಂಡ್ ಬಂದ್ರ ಬಂದವ್ರು. ಕಳ್ಳರಂಗ ಬಂದಿಲ್ಲ. ನಮ್ದೆಲ್ಲಾ ಬರ್ಕೊಂಡಾರ." ನನಗೆ ಆಶ್ಚರ್ಯ ಆಗಲಿಲ್ಲ ಅಂದರೆ ಸುಳ್ಳಾದೀತು. ಮನೆಮಠ ಬಿಟ್ಟು ಬಂದವರಿಗೆ ಹಾಗೆ ಬರುವವರ ಮೇಲೆ ಕರುಣೆ ಜಾಸ್ತಿ ಇರುತ್ತದೆ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಆಮೇಲೆ ಯೋಚಿಸಿದೆ. ಅವರ ಮಾತಿನಲ್ಲಿ ದ್ವೇಷ ಇರಲಿಲ್ಲ. ಬರೆದುಕೊಂಡಿದ್ದಾರೆ ಅನ್ನುವುದರ ಮೇಲೆ ಅವರ ಇಡೀ ಬದುಕು ನಿಂತಿದೆ. ಲೆಕ್ಕಕ್ಕೆ ಸೇರಿ ಬಂದೆ ಅನ್ನುವ ಒಂದೇ ಮಾತು ಅವರಿಗೆ ಈ ನೆಲದಲ್ಲಿ ತಲೆ ಎತ್ತಿ ನಡೆಯಲು ಸಿಕ್ಕ ಆಸರೆ. ಅದನ್ನು ಅಷ್ಟು ಕಷ್ಟಪಟ್ಟು ಗಳಿಸಿದವರು, ಲೆಕ್ಕಕ್ಕೆ ಸಿಗದೆ ಬರುವವರಿಂದ ತಮ್ಮ ಹೆಸರೂ ಕೆಡುತ್ತದೆ ಅಂತ ಹೆದರುತ್ತಾರೆ. ಗ್ರೂಪಿನಲ್ಲಿ ಬರೆಯುವ ನನ್ನ ನೆರೆಯವರ ಅಳುಕೂ ಬುಡದಲ್ಲಿ ಇದೇ ಇರಬೇಕು. ಎಷ್ಟು ಜನ ಬಂದರು ಅನ್ನುವುದಕ್ಕಿಂತ, ಯಾರೂ ಕೇಳದೆ, ಯಾರಿಗೂ ತಿಳಿಯದೆ ಬಂದರು ಅನ್ನುವುದು ಜನರನ್ನು ಕಾಡುತ್ತದೆ.

ಹೊರಡುವ ಮುಂಚೆ ಅವರ ಅಳಿಯನ ಮಾತು ಬಂತು. ಅಳಿಯನ ಮನೆಯವರು ಬಂದದ್ದು ತಡವಾಗಿ, ಎಂಬತ್ತರ ದಶಕದಲ್ಲಿ. ಅವರಿಗೆ ಯಾರೂ ಸ್ಲಿಪ್ಪು ಬರೆದುಕೊಟ್ಟಿಲ್ಲ. "ಅವ್ರದು ಬ್ಯಾರೆ" ಅಂದು ಹಿರಿಯರು ಸುಮ್ಮನಾದರು. ಆ ಅಳಿಯನ ಮಗಳು ಹುಟ್ಟಿದ್ದು ಸಿಂಧನೂರಿನಲ್ಲೇ, 2006ರಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವಳು. 1987ರ ಜುಲೈ 1ಕ್ಕಿಂತ ಮುಂಚೆ ಇಲ್ಲಿ ಹುಟ್ಟಿದ್ದರೆ ಅಪ್ಪ ಅಮ್ಮ ಯಾರೇ ಆಗಿದ್ದರೂ ಆಕೆ ಭಾರತೀಯಳು. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ಹಾಗಲ್ಲ. ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಅಕ್ರಮವಾಗಿ ಬಂದವರಲ್ಲ ಅಂತ ಆಗಬೇಕು. ಅಮ್ಮ ಇದೇ ಕ್ಯಾಂಪಿನ ಮಗಳು, ಭಾರತೀಯಳು. ಆದರೂ ಅಪ್ಪನ ದೆಸೆಯಿಂದ ಮಗಳ ಪೌರತ್ವ ತೂಗುಯ್ಯಾಲೆಯಲ್ಲಿ. 2019ರ ಪೌರತ್ವ ತಿದ್ದುಪಡಿಗೆ 2024ರ ಮಾರ್ಚಿನಲ್ಲಿ ನಿಯಮ ಬಂದ ಮೇಲೆ ಸಿಂಧನೂರಿನ ಕ್ಯಾಂಪುಗಳ ಕೆಲವರಿಗೆ ಪೌರತ್ವ ಸಿಕ್ಕಿತು. ಅಳಿಯನ ಮನೆಯವರೂ ಅರ್ಜಿ ಹಾಕಿದ್ದಾರೆ. ಬಾಂಗ್ಲಾದೇಶದಂಥ ನೆರೆ ದೇಶಗಳಿಂದ ಬಂದ ಕೆಲವು ಧರ್ಮದವರಿಗೆ ಪೌರತ್ವ ಕೊಡುವ ಆ ಕಾನೂನಿನ ಪಟ್ಟಿಯಲ್ಲಿ ಮುಸ್ಲಿಮರಿಲ್ಲ. ಒಂದೇ ವರ್ಷ, ಒಂದೇ ನದಿ ದಾಟಿ, ಒಂದೇ ಹಸಿವಿಗೆ ಬಂದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ದಾರಿ ಇದೆ. ಇದು ಸರಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಗುಳೆ ಹೋದವರು

ನಮ್ಮ ಕಡೆಯ ಇನ್ನೊಂದು ಮಾತು ಹೇಳಬೇಕು. ಕಾಲುವೆ ನೀರು ಎಲ್ಲರ ಹೊಲಕ್ಕೂ ಬರುವುದಿಲ್ಲ. ಕೊನೇ ಭಾಗದವರು, ಒಣಭೂಮಿಯವರು, ಜಮೀನೇ ಇಲ್ಲದವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ರಾತ್ರಿ ಬಸ್ಸಿನ ಟಾಪಿನ ಮೇಲೆ ಪಾತ್ರೆಪಗಡೆ, ಜೋಳದ ಚೀಲ, ಮಡಿಲಲ್ಲಿ ಕೂಸು. ಬೆಂಗಳೂರಿನಲ್ಲಿ ಅವರು ಇಳಿದುಕೊಳ್ಳುವುದು ಎಲ್ಲಿ? ಖಾಲಿ ಸೈಟಿನಲ್ಲಿ, ನೀಲಿ ತಾಡಪಾಲು ಹೊದಿಸಿದ ಶೆಡ್ಡಿನಲ್ಲಿ. ಪಕ್ಕದ ಶೆಡ್ಡಿನಲ್ಲಿ ಅಸ್ಸಾಮಿನವರು, ಅದರ ಪಕ್ಕ ತ್ರಿಪುರಾದವರು, ಬಂಗಾಳದವರು. ಬಾಡಿಗೆ ಒಂದೇ, ನೀರಿನ ಟ್ಯಾಂಕರ್ ಒಂದೇ.

2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಇಂಥ ಶೆಡ್ಡುಗಳನ್ನು ಜೆಸಿಬಿ ತಂದು ನೆಲಸಮ ಮಾಡಿದರು. ಅಲ್ಲಿರುವವರು ಬಾಂಗ್ಲಾದೇಶಿಗಳು ಅಂತ ಮೊದಲು ಒಂದು ವಿಡಿಯೊ ಹರಿದಾಡಿತ್ತು. ಶೆಡ್ಡು ಕಳಕೊಂಡವರು ಕೈಯಲ್ಲಿ ವೋಟರ್ ಕಾರ್ಡು, ಆಧಾರು ಹಿಡಿದು ಟಿವಿಯವರ ಮುಂದೆ ನಿಂತರು. ಅವರಲ್ಲಿ ಅಸ್ಸಾಮಿನವರಿದ್ದರು, ತ್ರಿಪುರಾದವರಿದ್ದರು. ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಕನ್ನಡದವರು! ಅವರ ಗುಡಿಸಲೂ ಬಾಂಗ್ಲಾದೇಶಿಗಳ ಹೆಸರಿನಲ್ಲೇ ಬಿತ್ತು. ವಿಷಯ ಹೈಕೋರ್ಟಿಗೆ ಹೋಗಿ ತೆರವಿಗೆ ತಡೆ ಬಂತು. ಅಷ್ಟರಲ್ಲಿ ಮನೆ ಹೋಗಿತ್ತು. ಆ ಸುದ್ದಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮೂರ ಕಡೆಯ ಹೆಂಗಸೊಬ್ಬಳು ಮುರಿದ ತಗಡಿನ ಅಡಿಯಿಂದ ರೊಟ್ಟಿ ಹಂಚು ಎಳೆದು ತೆಗೆಯುವುದನ್ನು ಯಾರೋ ಮೊಬೈಲಿನಲ್ಲಿ ತೆಗೆದಿದ್ದರು. ಅನುಮಾನಕ್ಕೆ ಕಾಗದ ಓದಲು ಬರುವುದಿಲ್ಲ. ಅದು ಶೆಡ್ಡನ್ನು ನೋಡುತ್ತದೆ, ಬಟ್ಟೆ ನೋಡುತ್ತದೆ, ಅಷ್ಟೇ.

ಇಷ್ಟಾದರೂ ಇದೇ ಬೆಂಗಳೂರು 2012ರ ಆಗಸ್ಟನ್ನೂ ಕಂಡಿದೆ. ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಹುಡುಗ ಹುಡುಗಿಯರು ಮೆಜೆಸ್ಟಿಕ್ ರೈಲು ನಿಲ್ದಾಣದಲ್ಲಿ ಕಿಕ್ಕಿರಿದಿದ್ದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಬ್ಬರು ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್ಸೆಮ್ಮೆಸ್ ಕಳಿಸಬಾರದು ಅಂತ ಕೇಂದ್ರ ಸರ್ಕಾರ ಆಗ ಕಡಿವಾಣ ಹಾಕಿತ್ತು. ಹೋದವರಲ್ಲಿ ಹೆಚ್ಚಿನವರು ಆಮೇಲೆ ವಾಪಸ್ ಬಂದರು, ಬೆಂಗಳೂರಿಗೂ ಅವರು ಬೇಕಾಗಿತ್ತು.

ದೀದಿಯ ಕಾಗದಗಳು

ದೀದಿಯ ಊರು ಮುರ್ಷಿದಾಬಾದ್ ಜಿಲ್ಲೆಯಲ್ಲಿ, ಗಂಗಾನದಿಯ ದಂಡೆಯಲ್ಲಿ. ಮದುವೆಗೆ ಮುಂಚೆಯೂ ಆಮೇಲೂ ಬೀಡಿ ಕಟ್ಟಿದವಳು. ಅವಳ ಬಲಗೈ ಹೆಬ್ಬೆರಳ ಉಗುರು ಈಗಲೂ ಒಂದು ಕಡೆ ಸವೆದಿದೆ. ಅಲ್ಲಿ ನದಿ ದಂಡೆಯನ್ನು ಕೊರೆಯುತ್ತದೆ. ಮಾಲ್ದಾ, ಮುರ್ಷಿದಾಬಾದ್ ಎರಡೂ ಜಿಲ್ಲೆಗಳಲ್ಲಿ ಊರಿಗೆ ಊರೇ ಗಂಗೆಯ ಪಾಲಾಗಿವೆ. ಅವಳ ತವರು ಎರಡು ಸಲ ಜಾಗ ಬದಲಿಸಿತು. ಮೊದಲ ಸಲ ಮನೆ ಹೋದಾಗ ಮನೆ ಪತ್ರವೂ ಹೋಯಿತು. ಅಪ್ಪನ ಹೆಸರು ಒಂದು ಕಾಗದದಲ್ಲಿ ಶೇಖ್ ಅಂತ ಶುರುವಾದರೆ ಇನ್ನೊಂದರಲ್ಲಿ ಶೇಖ್ ಕೊನೆಗೆ ಬರುತ್ತದೆ. ಮದುವೆಗೆ ಮುಂಚೆ ಅವಳ ಹೆಸರಿನ ಮುಂದೆ ಖಾತುನ್, ಆಮೇಲೆ ಬೀಬಿ. ಅಲ್ಲಿ ಹೆಂಗಸರ ಹೆಸರು ಹಾಗೇ ಬದಲಾಗುತ್ತದೆ. ಇಲ್ಲಿ ಕಂಪ್ಯೂಟರಿನ ಮುಂದೆ ಕೂತವರಿಗೆ ಅವು ಇಬ್ಬರು ಬೇರೆ ಬೇರೆ ಹೆಂಗಸರು.

ಅಸ್ಸಾಮಿನಲ್ಲಿ ಇದೇ ಲಕ್ಷಾಂತರ ಹೆಂಗಸರ ಕತೆಯಾಯಿತು. ಅಲ್ಲಿ ಪೌರರ ಪಟ್ಟಿಗೆ (ಎನ್‌ಆರ್‌ಸಿ) ಸೇರಲು 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮುಂಚೆ ತಮ್ಮವರು ಇಲ್ಲಿದ್ದರು ಅಂತ ತೋರಿಸಬೇಕಿತ್ತು. ಅಜ್ಜನ ಹೆಸರು ಹಳೇ ಪಟ್ಟಿಯಲ್ಲಿ ಇರುತ್ತದೆ. ಆದರೆ ಈ ಹೆಂಗಸು ಆ ಅಜ್ಜನ ಮೊಮ್ಮಗಳು ಅನ್ನುವುದಕ್ಕೆ ಕಾಗದ ಎಲ್ಲಿ? ಶಾಲೆಗೆ ಹೋಗಿಲ್ಲ. ಜನನ ಪತ್ರ ಇಲ್ಲ. ಹದಿನಾರಕ್ಕೋ ಹದಿನೇಳಕ್ಕೋ ಮದುವೆಯಾಗಿ ಇನ್ನೊಂದು ಊರು. ಮತದಾರರ ಪಟ್ಟಿಯಲ್ಲಿ ಗಂಡನ ಹೆಸರು. ಉಳಿದದ್ದು ಗ್ರಾಮ ಪಂಚಾಯಿತಿ ಕೊಟ್ಟ ಪತ್ರ ಒಂದೇ. ಅದು ನಡೆಯುವುದಿಲ್ಲ ಅಂತ 2017ರಲ್ಲಿ ಗುವಾಹಟಿ ಹೈಕೋರ್ಟ್ ಹೇಳಿತು. ಅದೇ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪರಿಶೀಲಿಸಿ ಒಪ್ಪಬಹುದು ಅಂದಿತು. 2019ರ ಆಗಸ್ಟ್ 31ರಂದು ಅಂತಿಮ ಪಟ್ಟಿ ಬಂದಾಗ 3.3 ಕೋಟಿ ಅರ್ಜಿದಾರರಲ್ಲಿ 19 ಲಕ್ಷ ಜನ ಹೊರಗುಳಿದರು. ಪಟ್ಟಿ ಬೇಕು ಅಂದವರಿಗೂ ಅದು ಒಪ್ಪಿಗೆಯಾಗಲಿಲ್ಲ. ಕೆಲವರಿಗೆ ಬಿಟ್ಟವರು ಕಡಿಮೆ ಅನ್ನಿಸಿತು, ಕೆಲವರಿಗೆ ತಪ್ಪಾಗಿ ಬಿಟ್ಟವರು ಜಾಸ್ತಿ ಅನ್ನಿಸಿತು. ಸಾವಿರ ಕೋಟಿಗೂ ಮೀರಿ ಖರ್ಚು ಮಾಡಿ, ಹತ್ತಾರು ಸಾವಿರ ಸಿಬ್ಬಂದಿ ಹಚ್ಚಿ ಒಂದು ರಾಜ್ಯದಲ್ಲೇ ಮುಗಿಸಲು ಆಗದ ಕೆಲಸ ಅದು. ಮೂವತ್ತು ವರ್ಷ ಸೇನೆಯಲ್ಲಿ ದುಡಿದು ನಿವೃತ್ತರಾದವರನ್ನೇ ಆ ವರ್ಷ ವಿದೇಶಿ ಅಂತ ಹಿಡಿದು ಬಂಧನ ಕೇಂದ್ರಕ್ಕೆ ಹಾಕಿದ್ದರು. ಹೈಕೋರ್ಟ್ ಜಾಮೀನು ಕೊಟ್ಟ ಮೇಲೆ ಹೊರಬಂದರು.

ಸೈನಿಕನಿಗೇ ಹೀಗಾದರೆ ದೀದಿ ಯಾವ ಲೆಕ್ಕ? 2025ರ ಜೂನ್‌ನಲ್ಲಿ ದೆಹಲಿಯಲ್ಲಿ ಕಸ ಆಯುತ್ತಿದ್ದ ಬೀರಭೂಮ್ ಜಿಲ್ಲೆಯ ಒಬ್ಬ ಬಸುರಿಯನ್ನು, ಅವಳ ಗಂಡ ಮತ್ತು ಎಳೆಯ ಮಗನ ಸಮೇತ ಹಿಡಿದು ಗಡಿಯಾಚೆ ದಬ್ಬಿದರು. ಆ ಕಡೆಯವರು ಅಕ್ರಮವಾಗಿ ನುಸುಳಿದಳು ಅಂತ ಜೈಲಿಗೆ ಹಾಕಿದರು. ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರಿನಲ್ಲಿ ವಾಪಸ್ ಕರೆತನ್ನಿ ಅಂದಿತು. ಅವಳು ಮಗನ ಜತೆ ಭಾರತಕ್ಕೆ ಮರಳಿದ್ದು ಡಿಸೆಂಬರಿನಲ್ಲಿ, ತುಂಬಿದ ಹೊಟ್ಟೆಯಲ್ಲಿ. ಎರಡೂ ದೇಶ ನಮ್ಮವಳಲ್ಲ ಅಂದ ಒಂದು ಬಸುರಿ ಹೆಂಗಸಿನ ಆರು ತಿಂಗಳನ್ನು ಯಾರು ತುಂಬಿಕೊಡುತ್ತಾರೆ? ದೀದಿಗೆ ಈ ಸುದ್ದಿ ಗೊತ್ತು. ಬಂಗಾಳದ ಕೆಲಸಗಾರರ ಫೋನುಗಳಲ್ಲೆಲ್ಲ ಅದು ಓಡಾಡಿದೆ. ಬಸ್ಸಿನಲ್ಲಿ ಊರಿಂದ ಫೋನು ಬಂದರೆ ಅವಳು ಎತ್ತುವುದಿಲ್ಲ. ಎತ್ತಿದರೆ ಬಂಗಾಳಿಯಲ್ಲಿ ಮಾತಾಡಬೇಕಲ್ಲ.

2025ರ ನವೆಂಬರಿನಲ್ಲಿ ಬಂಗಾಳದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಶುರುವಾಯಿತು. 2002ರ ಪಟ್ಟಿಯಲ್ಲಿ ತಮ್ಮದೋ ತಂದೆ ತಾಯಿಯದೋ ಹೆಸರು ತೋರಿಸಬೇಕಿತ್ತು. ದೀದಿ ಎರಡು ತಿಂಗಳ ಸಂಬಳ ಮುಂಗಡ ಕೇಳಿ ರೈಲು ಹತ್ತಿದಳು. ಅಪ್ಪನ ಹೆಸರು ಸಿಕ್ಕಿತು, ಒಂದು ಅಕ್ಷರ ಬೇರೆ ಇತ್ತು. ವಾಪಸ್ ಬಂದಾಗ ಅವಳ ಜಾಗದಲ್ಲಿ ಎರಡು ಮನೆಯವರು ಬೇರೆಯವರನ್ನು ಇಟ್ಟುಕೊಂಡಿದ್ದರು.

ಕೇಳದೇ ಬಿಟ್ಟ ಪ್ರಶ್ನೆ

ನಮ್ಮವರು ಹೊರದೇಶದ ಗಡಿಯಲ್ಲಿ ನಿಂತಾಗ ನಾವು ಹೇಗೆ ಮಾತಾಡುತ್ತೇವೆ ಅನ್ನೋದೂ ನನಗೆ ನೆನಪಿದೆ. 2025ರ ಫೆಬ್ರವರಿಯಲ್ಲಿ ಅಮೆರಿಕದ ಸೇನಾ ವಿಮಾನದಲ್ಲಿ 104 ಭಾರತೀಯರನ್ನು ಕೈಕಾಲಿಗೆ ಬೇಡಿ ಹಾಕಿ ಅಮೃತಸರಕ್ಕೆ ತಂದು ಇಳಿಸಿದರು. ನಮ್ಮ ಮನೆತನದ ಗ್ರೂಪಿನಲ್ಲಿ ಎಲ್ಲರಿಗೂ ನೋವಾಗಿತ್ತು. ಏಜೆಂಟರು ಬಡಪಾಯಿಗಳಿಗೆ ಮೋಸ ಮಾಡಿದರು, ಮನುಷ್ಯರನ್ನು ಹೀಗೆ ನಡೆಸಿಕೊಳ್ಳುತ್ತಾರಾ ಅಂತ ಬರೆದರು. ಸರಿಯಾದ ಮಾತು. ಅಲ್ಲಿ ಏಜೆಂಟ್ ನಮ್ಮ ಕಣ್ಣಿಗೆ ಮೊದಲು ಬಿದ್ದ, ಬೇಡಿ ಬಿದ್ದವನು ಆಮೇಲೆ. ಆದರೆ ಇಲ್ಲಿ, ನಮ್ಮ ಗೇಟಿನಲ್ಲಿ, ಏಜೆಂಟನ ಹೆಸರೇ ಯಾರೂ ಎತ್ತಲಿಲ್ಲ.

ನಮ್ಮ ಹೌಸ್‌ಕೀಪಿಂಗ್‌ನವರನ್ನು ಕರೆತಂದದ್ದು ಒಂದು ಏಜೆನ್ಸಿ. ಅದಕ್ಕೆ ನಾವು ತಿಂಗಳು ತಿಂಗಳು ಚೆಕ್ ಬರೆಯುತ್ತೇವೆ. ಬೇರೆ ರಾಜ್ಯದಿಂದ ಕೆಲಸಗಾರರನ್ನು ತರುವ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕು, ಪ್ರತಿ ಕೆಲಸಗಾರನಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೆಲಸದ ಜಾಗ, ಸಂಬಳ, ಊರಿಗೆ ಹೋಗಲು ಕೊಡಬೇಕಾದ ಹಣ ಎಲ್ಲ ಅವರದೇ ಭಾಷೆಯಲ್ಲೂ ಬರೆದಿರಬೇಕು ಅಂತ 1979ರಲ್ಲೇ ಕಾನೂನು ಬಂದಿತ್ತು. ಅಂತರರಾಜ್ಯ ವಲಸೆ ಕೆಲಸಗಾರರ ಕಾಯ್ದೆ. ಐದು ಜನರಿದ್ದರೂ ಸಾಕು, ಅದು ಅನ್ವಯ ಆಗುತ್ತಿತ್ತು. ಆ ಪಾಸ್‌ಬುಕ್ಕನ್ನು ಕಣ್ಣಾರೆ ಕಂಡ ಕೆಲಸಗಾರರು ನನಗೆ ಬೆಂಗಳೂರಿನಲ್ಲಿ ಇಲ್ಲಿಯವರೆಗೆ ಸಿಕ್ಕಿಲ್ಲ. 2020ರ ಲಾಕ್‌ಡೌನಿನಲ್ಲಿ ನಡೆದು ಹೋದವರು ಎಷ್ಟು ಜನ ಸತ್ತರು ಅಂತ ಕೇಳಿದಾಗ ಲೆಕ್ಕ ಇಲ್ಲ ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಲೆಕ್ಕ ಎಲ್ಲಿಂದ ಬರಬೇಕು? ಬರೆದುಕೊಳ್ಳಬೇಕಾದವರು ಬರೆದುಕೊಂಡಿರಲಿಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕಾಯ್ದೆ ಅದರೊಳಗೆ ಸೇರಿಹೋಗಿದೆ. ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕು ಅಂತ ಅದರಲ್ಲಿದೆ.

ಜನರಿಗೆ ಲೆಕ್ಕ ಬೇಕು, ಸರಿ. ಆ ಲೆಕ್ಕ ಇಡಬೇಕಾದವರಿಗೆ ಅದನ್ನು ಇಡದೇ ಇರುವುದರಲ್ಲೇ ಲಾಭ. ಹೆಸರಿಲ್ಲದವಳಿಗೆ ಪಿಎಫ್ ಕಟ್ಟಬೇಕಿಲ್ಲ, ಕನಿಷ್ಠ ವೇತನ ಕೊಡಬೇಕಿಲ್ಲ, ನಾಳೆ ಬರಬೇಡ ಅಂದರೆ ಮುಗಿಯಿತು. ಆ ಉಳಿತಾಯದ ಒಂದು ಪಾಲು ಕಡಿಮೆ ಮೇಂಟೆನೆನ್ಸ್ ಆಗಿ ನಮ್ಮ ಮನೆಗಳಿಗೇ ಬರುತ್ತದೆ. ಅನುಮಾನ ಬಂದ ದಿನ ಏಜೆನ್ಸಿಯವನನ್ನು ಕರೆಸಿ ರಿಜಿಸ್ಟರ್ ತೋರಿಸು ಅಂದಿದ್ದರೆ ಒಂದು ಗಂಟೆಯ ಕೆಲಸ. ಹೆಂಗಸರನ್ನು ಸಾಲಲ್ಲಿ ನಿಲ್ಲಿಸುವ ಅಗತ್ಯವೇ ಇರಲಿಲ್ಲ. ವಿದೇಶಿಯೋ ಅಲ್ಲವೋ ಅನ್ನುವುದನ್ನು ತೀರ್ಮಾನಿಸಲು ಪೊಲೀಸರಿದ್ದಾರೆ, ವಿದೇಶಿಯರ ನೋಂದಣಿ ಕಚೇರಿ ಇದೆ, ಕೋರ್ಟಿದೆ. ನೆಲಮಂಗಲದ ಸೊಂಡೆಕೊಪ್ಪದಲ್ಲಿ ಹಾಸ್ಟೆಲ್ ಕಟ್ಟಡವೊಂದನ್ನು ವಿದೇಶಿಯರನ್ನು ಇರಿಸುವ ಕೇಂದ್ರವನ್ನಾಗಿಯೂ ಮಾಡಿದ್ದಾರೆ. ಅಲ್ಲಿಗೆ ಯಾರು ಹೋಗಬೇಕು ಅನ್ನುವುದನ್ನು ಹೇಳುವ ಅಧಿಕಾರ ಸೆಕ್ಯುರಿಟಿ ಹುಡುಗನಿಗಿಲ್ಲ, ನನಗೂ ಇಲ್ಲ.

ಇದನ್ನೇ ಅಸೋಸಿಯೇಶನ್ ಮೀಟಿಂಗಿನಲ್ಲಿ ಹೇಳಿದೆ. ಎರಡು ಕೋರಿಕೆ ಇಟ್ಟೆ. ಗೇಟಿನಲ್ಲಿ ಭಾಷೆ ನೋಡಿ ಯಾರನ್ನೂ ಬೇರೆ ನಿಲ್ಲಿಸಬಾರದು, ಗುಮಾನಿ ಇದ್ದವರು ತಮ್ಮ ಹೆಸರು ಹಾಕಿ ಪೊಲೀಸರಿಗೆ ಬರೆದುಕೊಡಲಿ. ಎರಡನೆಯದು, ಏಜೆನ್ಸಿ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ನಂಬರು ಕೊಟ್ಟು ಅದರ ಪ್ರತಿಯನ್ನು ಆಫೀಸಿಗೆ ಕೊಡಲಿ. ಒಬ್ಬ ಹಿರಿಯರು ಎದ್ದು ಕೇಳಿದರು, "ಅಲ್ಲಮ್ಮ, ನಿಜವಾಗ್ಲೂ ಒಬ್ಬರು ಬಾಂಗ್ಲಾದೇಶದವರೇ ಇದ್ರೆ ಏನ್ಮಾಡ್ತೀರಿ?" ಕಾನೂನು ಏನು ಹೇಳುತ್ತೋ ಅದಾಗಲಿ ಸರ್ ಅಂದೆ. ಕರೆತಂದವನನ್ನೂ ಅದೇ ಕಾನೂನು ಕೇಳಲಿ, ಮಾಡಿಸಿಕೊಂಡ ಕೆಲಸದ ಕೂಲಿ ಮೊದಲು ಕೈಗೆ ಬರಲಿ ಅಂದೆ. ಅವರು ತಲೆಯಾಡಿಸಿ ಕೂತರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿತು. ಎರಡನೆಯದು ರೇಟು ಜಾಸ್ತಿಯಾಗುತ್ತೆ ಅಂತ ಮುಂದಕ್ಕೆ ಹೋಯಿತು. ಏಜೆನ್ಸಿಯ ಲೈಸೆನ್ಸ್ ಪ್ರತಿ ಕೇಳಿ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಮುಂದಿನ ತಿಂಗಳು ಅವರ ಕಾಂಟ್ರಾಕ್ಟ್ ನವೀಕರಣ ಇದೆ. ರಿಜಿಸ್ಟರ್ ತೋರಿಸದೆ ಸಹಿ ಹಾಕಬೇಡಿ ಅಂತ ಸಮಿತಿಗೆ ಬರೆದುಕೊಟ್ಟಿದ್ದೇವೆ. ಆ ಪತ್ರಕ್ಕೆ ಸಹಿ ಹಾಕಿದವರಲ್ಲಿ, ಮೊದಲ ದಿನ ಗ್ರೂಪಿನಲ್ಲಿ ಹೂಂ ಅಂದಿದ್ದ ಕೆಲವರೂ ಇದ್ದಾರೆ.